ಹೆಜ್ಜಾರ್ಲೆಗಳು ಬಾರದ ವರ್ಷ

ದೆವ್ವ, ಶಕುನ, ಗಾಳಿ ಸೋಂಕು ಇಂಥ ಮಾತು ಶುರುವಾದರೆ ಎದ್ದು ಒಳಗೆ ಹೋಗಿ ಲೋಟ ತೊಳೆಯುವ ಪೈಕಿ ನಾನು. ಹೇಳುವವರ ಮೇಲೆ ಸಿಟ್ಟಿಲ್ಲ. ಅಷ್ಟು ಹೊತ್ತಿನಲ್ಲಿ ಒಂದು ಕೆಲಸವಾದರೂ ಆಗುತ್ತಿತ್ತಲ್ಲ ಅನ್ನಿಸುತ್ತದೆ, ಅಷ್ಟೆ. ಈಗ ವಯಸ್ಸಾಗಿದೆ, ಆದರೂ ಅಭಿಪ್ರಾಯ ಬದಲಾಗಿಲ್ಲ. ಬೇರೆಯವರು ಹೇಳುವ ವಿಚಿತ್ರಗಳನ್ನು ನಾನು ಇಂದಿಗೂ ನಂಬುವುದಿಲ್ಲ. ನನ್ನದೇ ಒಂದು ಇದೆ. ಅದನ್ನು ನಂಬದೆ ಇರುವುದಕ್ಕೆ ಒಂದು ಒಳ್ಳೆಯ ಕಾರಣ ಹುಡುಕುತ್ತಾ ಇಷ್ಟು ವರ್ಷ ಕಳೆದೆ, ಸಿಕ್ಕಲಿಲ್ಲ. ಓದುವ ನಿಮ್ಮಲ್ಲಿ ಯಾರಿಗಾದರೂ ಸಿಕ್ಕರೆ ನನಗೆ ನಿಜವಾಗಿ ಉಪಕಾರವಾದೀತು. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಹುಟ್ಟಿದ ವಾರದಲ್ಲೇ ತಾಯಿ ತೀರಿಕೊಂಡಳಂತೆ. ಎಲ್ಲಿ, ಯಾರ ಮನೆಯಲ್ಲಿ ಎಂದು ನನಗೆ ಹೇಳಿದವರಿಲ್ಲ. ಬೆಳೆದದ್ದು ಹೆಣ್ಣುಮಕ್ಕಳ ಒಂದು ಅನಾಥಾಲಯದಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ದೀಪ ಆರಿಸುವುದಕ್ಕೆ ಗಂಟೆ. ಬಳಸಿದ ವಸ್ತುವನ್ನು ಒರೆಸಿ ಅದರ ಜಾಗದಲ್ಲಿಟ್ಟ ಮೇಲೆಯೇ ಮುಂದಿನ ಕೆಲಸ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ದನಿ ಏರಿಸಬಾರದು. ಅಷ್ಟೊಂದು ಹುಡುಗಿಯರು ಇರುವ ಕಡೆ ಅದು ಬೇಕಾದ ನಿಯಮವೇ. ಅಲ್ಲಿಂದ ಹೊರಬಂದ ಮೇಲೂ ಇವೆಲ್ಲ ನನ್ನನ್ನು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ನಾನು ಕೂಗಿದ್ದನ್ನು ಕೇಳಿದವರು ಯಾರೂ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ, ಕಿಟಕಿಯಲ್ಲಿ ಒಂದು ತುಳಸಿ ಕುಂಡ. ಸಂಜೆ ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಇದನ್ನು ದುಃಖ ಎಂದು ಹೇಳುತ್ತಿಲ್ಲ, ಹೀಗಿತ್ತು ಎಂದು ಹೇಳುತ್ತಿದ್ದೇನೆ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಪಕ್ಷಿಗಳ ಹುಚ್ಚು. ಗೂಡು ಕಟ್ಟುವ ನೀರುಹಕ್ಕಿಗಳ ಸದ್ದನ್ನು ಟೇಪಿಗೆ ಹಿಡಿದು ವಿದ್ಯಾರ್ಥಿಗಳಿಗೆ ಕೇಳಿಸಬೇಕು ಎಂದು ಹೊರಟು, ಕಾಲೇಜಿನಿಂದ ಒಂದು ಸ್ಪೂಲ್ ಟೇಪ್ ರೆಕಾರ್ಡರು ತರಿಸಿದರು. ಬ್ಯಾಟರಿಯಲ್ಲಿ ನಡೆಯುವ ಯಂತ್ರ, ಹೊಲಿಗೆ ಯಂತ್ರದಷ್ಟು ಭಾರ. ಅವರಿಗೆ ಬೆನ್ನುನೋವು. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು.

ಆ ಯಂತ್ರಕ್ಕೆ ನಾನೊಂದು ಕ್ರಮ ಮಾಡಿಕೊಂಡೆ. ರೆಕಾರ್ಡು ಮುಗಿದ ಕೂಡಲೇ ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತುವುದು, ಟೇಪು ಸುತ್ತಿದ ಆ ಚಕ್ರವನ್ನು, ಸ್ಪೂಲನ್ನು, ತೆಗೆದು ಅದರ ತಗಡಿನ ಡಬ್ಬಿಗೆ ಹಾಕುವುದು, ಆಮೇಲೆ ಹಿಂಬದಿಯ ಮುಚ್ಚಳ ಬಿಚ್ಚಿ ಬ್ಯಾಟರಿಗಳನ್ನು ಒಂದೊಂದಾಗಿ ಹೊರತೆಗೆಯುವುದು. ಬ್ಯಾಟರಿ ಒಳಗೇ ಉಳಿದರೆ ಸೋರಿ ಯಂತ್ರ ಕೆಡುತ್ತದೆ. ಯಾರು ಎಷ್ಟೇ ಅವಸರ ಮಾಡಿದರೂ ಈ ಕ್ರಮ ತಪ್ಪಿಸಿದವಳಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮದ್ದೂರಿನಲ್ಲಿ ಇಳಿದು, ಬೆಸಗರಹಳ್ಳಿ ಕಡೆಯ ಬಸ್ಸು ಹತ್ತಿ, ನಡುವೆ ಇಳಿದು ಕಬ್ಬಿನ ಗದ್ದೆಗಳ ಬದುವಿನ ಮೇಲೆ ನಡೆದರೆ ಆ ಹಳ್ಳಿ. ಹೆಸರು ಬರೆಯುವುದಿಲ್ಲ, ಅಲ್ಲಿಯವರನ್ನು ಹೋಗಿ ಪ್ರಶ್ನೆ ಕೇಳುವವರು ಹುಟ್ಟಿಕೊಳ್ಳುವುದು ನನಗೆ ಇಷ್ಟವಿಲ್ಲ. ಸಂಕ್ರಾಂತಿಯ ಆಸುಪಾಸಿಗೆ ಅಲ್ಲಿನ ಹುಣಿಸೆಮರಗಳಿಗೆ ಹೆಜ್ಜಾರ್ಲೆಗಳು ಬಂದು ಗೂಡು ಕಟ್ಟುತ್ತಿದ್ದವು. ಕೊಕ್ಕಿನ ಕೆಳಗೆ ಚೀಲವಿರುವ ದೊಡ್ಡ ಹಕ್ಕಿ. ಬೆಳೆದ ಹಕ್ಕಿ ಬಹುಮಟ್ಟಿಗೆ ಮೂಗ. ಗಲಾಟೆಯೆಲ್ಲ ಮರಿಗಳದು. ಹಂದಿಮರಿಯ ಕಿರುಚಾಟಕ್ಕೆ ಎಳೆಗೂಸಿನ ಅಳು ಬೆರೆಸಿದರೆ ಹೇಗಿರುತ್ತದೋ ಹಾಗೆ, ನೂರಾರು ಕಡೆಯಿಂದ ಒಟ್ಟಿಗೆ, ಬೆಳಗಿನಿಂದ ಕತ್ತಲಾಗುವವರೆಗೆ.

ಊರಿನಲ್ಲೇ ದೊಡ್ಡ ಹುಣಿಸೆಮರ ಸಾಕಮ್ಮ ಎಂಬ ವಿಧವೆಯ ಹಿತ್ತಲಿನಲ್ಲಿತ್ತು. ಮೊದಲ ವರ್ಷ ನಾನು ಇಳಿದುಕೊಂಡದ್ದು ಅವಳ ಮನೆಯಲ್ಲೇ. ನನಗಿಂತ ಹತ್ತೋ ಹನ್ನೆರಡೋ ವರ್ಷ ದೊಡ್ಡವಳಿರಬಹುದು. ನಾನು ಯಂತ್ರವನ್ನು ಮರದಡಿಯ ಚಪ್ಪಡಿ ಕಲ್ಲಿನ ಮೇಲೆ ಇಟ್ಟದ್ದನ್ನು ನೋಡಿ, “ಏನ್ ಮೇಡಮ್ಮ, ಅಳಾದನ್ನ ಪೆಟ್ಟಿಗೇಲಿ ತುಂಬ್ಕೊಂಡು ಓಯ್ತೀರಾ? ನಾವಿಲ್ಲಿ ಅಳು ನಿಲ್ಸಾಕೇ ಕಷ್ಟ ಪಡ್ತೀವಿ” ಎಂದಳು. ಅವತ್ತಿನಿಂದ ಆ ಊರಿಗೆ ನಾನು ಪೆಟ್ಟಿಗೆ ಮೇಡಮ್ಮನಾದೆ.

ಮರದ ಕೆಳಗೆ ಬಾಳುವುದಕ್ಕೆ ಅವರದೇ ರೀತಿಗಳಿದ್ದವು. ಹಿತ್ತಲಿಗೆ ಕಾಲಿಟ್ಟ ಕೂಡಲೇ ಗಂಡಸರು ಹೆಗಲ ಮೇಲಿನ ಟವೆಲನ್ನು ತಲೆಗೆ ಹಾಕಿಕೊಳ್ಳುತ್ತಿದ್ದರು, ಹೆಂಗಸರು ಸೆರಗು ಎಳೆದುಕೊಳ್ಳುತ್ತಿದ್ದರು. ಮೇಲಿನಿಂದ ಹಿಕ್ಕೆ ಬೀಳುತ್ತಲೇ ಇರುತ್ತಿತ್ತು. ಮಾತೆಲ್ಲ ಕೂಗಿ ಕೂಗಿಯೇ. ಉಪ್ಪು ಕೊಡು ಎನ್ನುವುದನ್ನೂ ಜಗಳದ ದನಿಯಲ್ಲಿ ಹೇಳಬೇಕಿತ್ತು. ನನ್ನ ಮಾತು ಒಬ್ಬರಿಗೂ ಕೇಳಿಸುತ್ತಿರಲಿಲ್ಲ. “ಬಾಯಿ ಬುಟ್ಟು ಮಾತಾಡಿ ಮೇಡಮ್ಮ, ನಾವೇನ್ ನಿಮ್ಮ ಕಾಲೇಜ್ ಉಡ್ಗೀರಾ?” ಎಂದು ಸಾಕಮ್ಮ ರೇಗಿಸುವಳು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳುತ್ತಿದ್ದೆನೇ ಹೊರತು ದನಿ ಏರಿಸಲಿಲ್ಲ. ಏರಿಸಲು ಬರುತ್ತಿರಲಿಲ್ಲ ಎಂದರೆ ಸರಿಯಾದೀತು.

ಆ ಊರಿನಲ್ಲಿ ಒಂದು ಪದ್ಧತಿ. ಹೆಜ್ಜಾರ್ಲೆಗಳನ್ನು ಅವರು ತವರಿಗೆ ಹೆರಲು ಬಂದ ಹೆಣ್ಣುಮಕ್ಕಳೆಂದು ನಡೆಸಿಕೊಳ್ಳುತ್ತಿದ್ದರು. ಹಕ್ಕಿ ಇರುವಷ್ಟು ದಿನ ಪಟಾಕಿಯಿಲ್ಲ, ತಮಟೆಯಿಲ್ಲ, ಮರದಿಂದ ಒಂದು ಹುಣಿಸೆಕಾಯಿ ಕೀಳುವಂತಿಲ್ಲ. ಇದರ ಇನ್ನೊಂದು ಮುಖ ನನಗೆ ತಡವಾಗಿ ತಿಳಿಯಿತು. ಶಿವರಾತ್ರಿಯ ಆಸುಪಾಸಿನಲ್ಲಿ ಮರದಲ್ಲಿ ಮರಿಗಳ ಸದ್ದು ಕೇಳಬೇಕು. ಕೇಳಿದರೆ ಆ ವರ್ಷವಿಡೀ ಊರಿನ ಹೆಣ್ಣುಮಕ್ಕಳು ತವರಿಗೆ ಬಂದು ಹೆರಬಹುದು. ಕೇಳದಿದ್ದರೆ ಇಲ್ಲ. ಹಕ್ಕಿಗೇ ಬೇಡವಾದ ಮರದಡಿಗೆ ಮನುಷ್ಯರು ಮಗಳನ್ನು ಕರೆತಂದು ಮಲಗಿಸಬಾರದು ಎಂದು ಹಿಂದಿನವರು ಹೇಳಿದ್ದರಂತೆ. ಊರಿನ ಸೂಲಗಿತ್ತಿ ನಂಜಮ್ಮ, ಅರ್ಧ ಊರಿನ ಹೊಕ್ಕುಳು ಕತ್ತರಿಸಿದ ಮುದುಕಿ, ಇದನ್ನು ಎಳ್ಳಷ್ಟೂ ಸಡಿಲಿಸುತ್ತಿರಲಿಲ್ಲ.

ಎರಡನೆಯ ವರ್ಷ ಹೆಜ್ಜಾರ್ಲೆಗಳು ಬರಲಿಲ್ಲ. ಕೆರೆಗಳಲ್ಲಿ ನೀರು ಕಡಿಮೆ, ಮೀನಿಲ್ಲ, ಬೇರೆ ಕಡೆ ಹೋಗಿರುತ್ತವೆ ಎಂದು ಮುಖ್ಯಸ್ಥರು ಹೇಳಿದರು. ನಾನೂ ಆ ವರ್ಷದ ಪ್ರಯಾಣ ಕೈಬಿಟ್ಟೆ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲಿ ಸಾಕಮ್ಮ ನಿಂತಿದ್ದಳು. ಕೈಯಲ್ಲಿ ಚಪ್ಪಲಿ, ಒಳಗೆ ಮೆಟ್ಟಿಕೊಂಡು ಬರಬಾರದೆಂದು ಗೇಟಿನಲ್ಲೇ ಬಿಚ್ಚಿದ್ದಳು.

ಅವಳಿಗೆ ಒಬ್ಬಳೇ ಮಗಳು, ಜಯ. ಮಳವಳ್ಳಿಯಿಂದ ಆಚೆ ಒಂದು ಊರಿಗೆ ಕೊಟ್ಟಿದ್ದರು. ಹಿಂದಿನ ವರ್ಷ ಜಯಳ ಮೊದಲ ಹೆರಿಗೆ. ಕೊಯ್ಲು ಮುಗಿಯಲಿ ಎಂದು ಅತ್ತೆ ತವರಿಗೆ ಕಳಿಸದೆ ತಡೆದಿದ್ದಳು. ಅಷ್ಟರಲ್ಲಿ ನೋವು ಬಂದು, ಕೈಹಿಡಿಯಲು ತಿಳಿದವರು ಯಾರೂ ಇಲ್ಲದೆ ಮಗು ಹೋಯಿತು. ಜಯ ಉಳಿದದ್ದೇ ಹೆಚ್ಚು. ಈಗ ಮತ್ತೆ ಬಸುರಿ. ಹೆದರಿದ ಅತ್ತೆ ಈ ಸಲ ತಾನಾಗಿ ಕಳಿಸುತ್ತೇನೆ ಎಂದಿದ್ದಾಳೆ. ಆದರೆ ಮರ ಸುಮ್ಮನಿದೆ. ನಂಜಮ್ಮ ಮುಟ್ಟುವುದಿಲ್ಲ ಎಂದಿದ್ದಾಳೆ.

“ಮಂಡ್ಯದ ಆಸ್ಪತ್ರೆಗೆ ಸೇರಿಸಿ” ಎಂದೆ.

“ಆಸ್ಪತ್ರೆ ಅಂದ್ರೆ ಅವಳತ್ತೆ ಕಳ್ಸಾಕಿಲ್ಲ. ನಂಜಮ್ಮನ ಕೈ ಅಂದ್ರೆ ಕಳಿಸ್ತಾಳೆ. ನಂಜಮ್ಮನ ಕೈ ಬೇಕು ಅಂದ್ರೆ ಮರ ಕೂಗ್ಬೇಕು.” ಒಂದು ಹೆಜ್ಜೆ ಒಳಗಿಟ್ಟು, “ನಿಮ್ಮ ಪೆಟ್ಟಿಗೇಲಿ ಐತಲ್ಲ ಮೇಡಮ್ಮ, ನಮ್ಮ ಮರದ್ದೇ ಸದ್ದು? ಅದನ್ನ ಒಂದು ಕಿತ ಅದೇ ಮರದ ಕೆಳಗೆ ಕೂಗ್ಸಿ” ಎಂದಳು.

ಅದು ಹೋದ ವರ್ಷದ ಸದ್ದು, ಬರೀ ಟೇಪು ಎಂದು ವಿವರಿಸಿದೆ.

“ಸದ್ದು ಕಿವಿಗೆ ಬೀಳ್ಬೇಕು ಅಂತ ಇರಾದು. ಅಕ್ಕಿನೇ ಕೂಗ್ಬೇಕು ಅಂತ ಯಾರೂ ಯೋಳಿಲ್ಲ.”

“ನಂಜಮ್ಮ ಒಪ್ಪುತ್ತಾರಾ?”

“ಒಪ್ಪದೇ ಇದ್ರೆ ಕಾಲು ಇಡ್ಕತೀನಿ. ಅದ್ಕೂ ಮುಂಚೆ ಪೆಟ್ಟಿಗೆ ನೋಡಾನ.” ಆಮೇಲೆ ಮೆಲ್ಲಗೆ, “ಅಲ್ಲೇ ಬುಟ್ರೆ ಈ ಸಲ ಅವಳೇ ಉಳಿಯಾಕಿಲ್ಲ ಕಣಮ್ಮ” ಎಂದಳು.

ನನಗೆ ಆ ಪದ್ಧತಿಯಲ್ಲಿ ನಂಬಿಕೆಯಿರಲಿಲ್ಲ, ಟೇಪು ಹಾಕಿ ಅದನ್ನು ಗೆಲ್ಲಬಹುದು ಎಂಬ ನಂಬಿಕೆಯೂ ಇರಲಿಲ್ಲ. ಆದರೆ ಹೆರಲಿರುವ ಒಬ್ಬ ಹುಡುಗಿ ಮಳವಳ್ಳಿಯ ಆಚೆ ಕಾಯುತ್ತಿದ್ದಾಳೆ ಎಂಬುದು ನಿಜವಾಗಿತ್ತು. ಯಂತ್ರವನ್ನು ಬಚ್ಚಿಟ್ಟು ಮೋಸ ಮಾಡುವುದಿಲ್ಲ, ಎಲ್ಲರ ಕಣ್ಣೆದುರಿಗೇ ಇಡುತ್ತೇನೆ ಎಂದೆ. ಅವಳು ಒಪ್ಪಿದಳು. ಮುಖ್ಯಸ್ಥರು ನಕ್ಕರು, ಆದರೆ ಯಂತ್ರ ಒಯ್ಯಲು ಅನುಮತಿ ಕೊಟ್ಟರು.

ಶನಿವಾರ ಸಂಜೆ ಹೋದೆ. ಸಾಕಮ್ಮ ಮಧ್ಯಾಹ್ನವೇ ವೈದ್ಯನಾಥಪುರದ ಗುಡಿಗೆ ಹೋಗಿ ಬಂದಿದ್ದಳು, ಹಣೆಯಲ್ಲಿ ವಿಭೂತಿ ಹಾಗೇ ಇತ್ತು. ಹಿತ್ತಲಿಗೆ ಹೋಗಿ ತಲೆಯೆತ್ತಿ ನೋಡಿದೆ. ಕೊಂಬೆಗಳ ಮೇಲೆ ಹಿಂದಿನ ವರ್ಷದ ಗೂಡುಗಳು, ಕಡ್ಡಿ ಕಳಚಿ, ಅಲ್ಲಲ್ಲಿ ಜೋಲುತ್ತಿದ್ದವು. ನೆಲದ ಮೇಲೆ ಒಂದು ಬಿಳಿಯ ಹನಿಯೂ ಇಲ್ಲ. ಆ ಹಿತ್ತಲಿನಲ್ಲಿ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸಿದ್ದು ಅವತ್ತೇ ಮೊದಲು. ಯಾಕೋ ನನ್ನ ಕೋಣೆಯ ಬೀಗ ತೆಗೆದು ಒಳಗೆ ಕಾಲಿಟ್ಟಂತೆ ಅನ್ನಿಸಿತು.

ಹೊಲದಿಂದ ಬಂದವರು ಕೈಕಾಲು ತೊಳೆದು ಒಬ್ಬೊಬ್ಬರಾಗಿ ಸೇರಿದರು. ಇಪ್ಪತ್ತು ಜನರಿದ್ದರೇನೋ. ನಂಜಮ್ಮ ಕೋಲೂರಿಕೊಂಡು ಬಂದು ಬೋರಲು ಹಾಕಿದ್ದ ಒರಳಿನ ಮೇಲೆ ಕೂತಳು. ಯಂತ್ರವನ್ನು ಕೋಲಿನಿಂದ ಒಮ್ಮೆ ಮುಟ್ಟಿ, “ಇದೇಯಾ? ನಾನು ದೊಡ್ಡದಿರ್ತದೆ ಅನ್ಕಂಡಿದ್ದೆ” ಎಂದಳು. ಪಕ್ಕದ ಮನೆಯ ಬೋರೇಗೌಡ, ಯಾವುದಕ್ಕೂ ಒಂದು ಮಾತು ಸೇರಿಸದೆ ಇರಲಾರದ ಮನುಷ್ಯ, “ಮೇಡಮ್ಮ, ಇದ್ರಲ್ಲಿ ಒಸಿ ಮಳೆ ಸದ್ದೂ ತುಂಬ್ಕೊಂಡು ಬಂದಿದ್ರೆ ಕೆರೇನೂ ತುಂಬ್ತಿತ್ತಲ್ಲ” ಎಂದ. ಎಲ್ಲರೂ ನಕ್ಕರು. ಸಾಕಮ್ಮ ನಗಲಿಲ್ಲ.

ಹೊತ್ತು ಮುಳುಗಿತ್ತು, ಬೆಳಕು ಇನ್ನೂ ಇತ್ತು. ಟೇಪು ಹಾಕಿದೆ. ಮರಿಗಳ ಗಲಾಟೆ ಆ ಸಣ್ಣ ಪೆಟ್ಟಿಗೆಯೊಳಗಿಂದ ಬಂತು. ಚೆನ್ನಾಗಿಯೇ ಬಂತು, ಆದರೆ ಪೆಟ್ಟಿಗೆಯೊಳಗಿಂದಲೇ ಬಂತು. ಯಾರೋ ಗುಡಾಣದಲ್ಲಿ ಬಾಯಿಟ್ಟು ಕೂಗಿದ ಹಾಗೆ. ಯಾರಿಗೂ ದನಿಯೇರಿಸಿ ಮಾತಾಡಬೇಕಾಗಲಿಲ್ಲ. ಯಾರೂ ತಲೆಯೆತ್ತಿ ಮರದ ಕಡೆ ನೋಡಲೂ ಇಲ್ಲ. ಎಲ್ಲರ ಕಣ್ಣೂ ಯಂತ್ರದ ಮೇಲೆ. ಸಾಕಮ್ಮ ಮಾತ್ರ ನಂಜಮ್ಮನ ಮುಖವನ್ನೇ ನೋಡುತ್ತಿದ್ದಳು.

ಟೇಪು ಮುಗಿಯಿತು. ನಂಜಮ್ಮ, “ಚೆನ್ನಾಗೈತೆ ಕಣಮ್ಮ” ಎಂದಳು ನನಗೆ. ಆಮೇಲೆ ಸಾಕಮ್ಮನ ಕಡೆ ತಿರುಗಿ, “ಓದ್ ವರ್ಸ ಉಂಡಿದ್ದು ಈವತ್ತಿನ ಅಸಿವಿಗೆ ಆಯ್ತದೇನೆ? ನಂಗೇನ್ ನಿನ್ನ ಮಗಳ ಮ್ಯಾಲೆ ಅಗೆತನವಾ? ನನ್ನ ಕೈಯಾಗೇ ಉಟ್ದೋಳು ಅವ್ಳು. ನಾನು ಮುಟ್ಟಿ ಅವ್ಳಿಗೆ ಏನಾರ ಆದ್ರೆ ಆಮೇಲೆ ನಾನು ಉಣ್ಣಾದೆಂಗೆ?” ಎಂದಳು.

ಸಾಕಮ್ಮ ಕಾಲು ಹಿಡಿಯುತ್ತೇನೆ ಎಂದಿದ್ದಳಲ್ಲ, ಅದನ್ನೂ ಮಾಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಂಜಮ್ಮ ನಿಜವಾಗಿ ಹೆದರಿದ್ದಳು, ಹಟ ಮಾಡುತ್ತಿರಲಿಲ್ಲ. ಅದು ನನಗೂ ಕಾಣುತ್ತಿತ್ತು.

ನನಗೆ ಆ ಹೊತ್ತಿಗೆ ತಿಳಿದದ್ದು ನನ್ನ ಕ್ರಮವೊಂದೇ. ಟೇಪನ್ನು ಹಿಂದಕ್ಕೆ ಸುತ್ತಿದೆ. ಸ್ಪೂಲು ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಯಂತ್ರವನ್ನು ಮಗುಚಿ ಹಿಂಬದಿಯ ಮುಚ್ಚಳ ಬಿಚ್ಚಿ ಬ್ಯಾಟರಿಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟುಕೊಂಡೆ. ಕೊನೆಯ ಬ್ಯಾಟರಿ ಕೈಯಲ್ಲಿದ್ದಾಗ ಮೇಲಿನಿಂದ ಒಂದು ಮರಿ ಕೂಗಿತು.

ಮೊದಲು ನನ್ನ ಕಿವಿಯಲ್ಲೇ ಉಳಿದ ಸದ್ದು ಎಂದುಕೊಂಡೆ. ಇನ್ನೊಂದು ಕೂಗಿತು, ಬೇರೆ ಕೊಂಬೆಯಿಂದ. ಆಮೇಲೆ ಆಚೆ ಕೊಂಬೆ, ಈಚೆ ಕೊಂಬೆ, ತುದಿ. ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಮರ ಪೂರ್ತಿ ಕೂಗುತ್ತಿತ್ತು. ಪೆಟ್ಟಿಗೆಯ ಸದ್ದಲ್ಲ, ಹಿಂದಿನ ವರ್ಷ ಎದೆಗೆ ತಾಗುತ್ತಿದ್ದಂಥ, ಮಾತನ್ನು ನುಂಗುವಂಥ ಸದ್ದು. ನಾನು ತಲೆಯೆತ್ತಿದೆ. ಎಲೆಗಳ ಹಿಂದೆ ಆಕಾಶ ಇನ್ನೂ ಬೆಳ್ಳಗಿತ್ತು, ಗೂಡುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದರಲ್ಲೂ ಏನೂ ಇರಲಿಲ್ಲ. ಒಂದು ರೆಕ್ಕೆ ಅಲುಗಲಿಲ್ಲ, ಒಂದು ಕಡ್ಡಿ ಬೀಳಲಿಲ್ಲ. ಬ್ಯಾಟರಿಗಳು ನನ್ನ ಮಡಿಲಲ್ಲೇ ಇದ್ದವು. ಅವುಗಳನ್ನು ಕೈಯಿಂದ ಮುಟ್ಟಿ ನೋಡಿಕೊಂಡೆ.

ಸುತ್ತ ಇದ್ದವರೂ ಮೇಲೆ ನೋಡುತ್ತಿದ್ದರು. ಯಾರೂ ಓಡಲಿಲ್ಲ. ಬೋರೇಗೌಡ ಬಾಯಿ ತೆರೆದುಕೊಂಡು ನೋಡುತ್ತಲೇ ಹೆಗಲಿನ ಟವೆಲನ್ನು ತೆಗೆದು ತಲೆಗೆ ಹಾಕಿಕೊಂಡ. ಹೆಂಗಸರ ಕೈ ತಾವಾಗಿ ಸೆರಗಿಗೆ ಹೋಯಿತು. ಬೀಳಲು ಮೇಲೆ ಏನೂ ಇಲ್ಲದಿದ್ದರೂ ಎಲ್ಲರೂ ತಲೆ ಮುಚ್ಚಿಕೊಂಡರು. ಆ ನೋಟ ಇಂದಿಗೂ ನನ್ನ ಕಣ್ಣಿನಲ್ಲಿದೆ.

ನಾನು ಮಾಡಿದ್ದು ಒಂದೇ. ಬ್ಯಾಟರಿಗಳನ್ನು ವಾಪಸು ಹಾಕಿದೆ, ಹೊಸ ಸ್ಪೂಲು ಏರಿಸಿದೆ, ಮೈಕನ್ನು ಮರದ ಕಡೆ ಹಿಡಿದು ರೆಕಾರ್ಡು ಒತ್ತಿದೆ. ಅಭ್ಯಾಸವಾದ ಕೈ ಅದು. ಸದ್ದಿನ ಮಟ್ಟ ತೋರಿಸುವ ಯಂತ್ರದ ಮುಳ್ಳು ಅಲುಗುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಸದ್ದು ಪೂರ್ತಿ ಕತ್ತಲಾಗುವವರೆಗೂ ಇತ್ತು. ಆಮೇಲೆ ಹಕ್ಕಿಗಳಿದ್ದ ವರ್ಷದಲ್ಲಿ ಹೇಗೆ ಕಡಿಮೆಯಾಗುತ್ತಿತ್ತೋ ಹಾಗೆಯೇ, ಒಂದು ಕೊಂಬೆ, ಇನ್ನೊಂದು ಕೊಂಬೆ, ಕೊನೆಗೆ ತುದಿಯಲ್ಲಿ ಒಂದೇ ಒಂದು ಮರಿ ನಿದ್ದೆಗಣ್ಣಿನಲ್ಲಿ ಗೊಣಗಿ, ನಿಂತಿತು. ಅಷ್ಟರಲ್ಲಿ ನಂಜಮ್ಮ ಮಗಳನ್ನು ಕರೆತಾ ಎಂದು ಹೇಳಿಯಾಗಿತ್ತು. ನಾನು ಯಂತ್ರದ ಪಕ್ಕ ಕೂತು ಇದನ್ನೆಲ್ಲ ನೋಡಿದೆ. ನಾನು ಬಾಯಿ ಬಿಟ್ಟಿದ್ದು ನನಗೆ ನೆನಪಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಿ.

ರಾತ್ರಿ ಆ ಮನೆಯಲ್ಲಿ ಅದರ ಬಗ್ಗೆ ಮಾತೇ ಇಲ್ಲ. ಸಾಕಮ್ಮ ಮುದ್ದೆ ಬಡಿಸಿದಳು, ಹಾಸಿಗೆ ಹಾಸಿದಳು. ಬೆಳಿಗ್ಗೆ ನಾನು ಹೊರಟು ನಿಂತಾಗ “ಸೆರಗೊಡ್ಡಿ” ಎಂದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಒಂದು ಅಚ್ಚು ಬೆಲ್ಲ. ತವರಿನಿಂದ ಹೊರಡುವ ಹೆಣ್ಣಿಗೆ ಮಡಿಲು ತುಂಬುವುದನ್ನು ನಾನು ಬೇರೆಯವರಲ್ಲಿ ನೋಡಿದ್ದೆ. ನನಗೆ ಯಾರೂ ತುಂಬಿರಲಿಲ್ಲ. ಸೆರಗನ್ನು ಹೇಗೆ ಹಿಡಿಯಬೇಕೆಂದೇ ಗೊತ್ತಾಗದೆ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. “ಕಾಲೇಜಲ್ಲಿ ಇದನ್ನ ಯೋಳ್ಕೊಡಾಕಿಲ್ವಾ?” ಎಂದು ನನ್ನ ಬೆರಳುಗಳನ್ನು ಹಿಡಿದು ಸೆರಗಿನ ತುದಿಗೆ ಸರಿಯಾಗಿ ಕೂರಿಸಿದಳು. ಅದೇ ಹೊತ್ತಿಗೆ ಜಯಳನ್ನು ಕರೆತರಲು ಗಾಡಿ ಹೊರಟಿತು. ಗಾಡಿ ಒಂದು ದಾರಿ, ನಾನು ಬಸ್ಸಿನ ದಾರಿ.

ಸೋಮವಾರ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು ಮುಖ್ಯಸ್ಥರ ಎದುರಿಗೇ ಟೇಪು ಹಾಕಿದೆ. ಒಂದು ಮರಿಯ ಸದ್ದೂ ಇರಲಿಲ್ಲ.

ಅವರು ಏನೂ ಆಶ್ಚರ್ಯಪಡಲಿಲ್ಲ. “ಒಬ್ಬರಿಗೆ ಕೇಳಿದಂತಾಗುತ್ತದೆ, ಉಳಿದವರಿಗೂ ಕೇಳಿದಂತಾಗುತ್ತದೆ. ಅದೂ ಅಷ್ಟು ಆಸೆಯಿಟ್ಟುಕೊಂಡು ಕೂತವರಿಗೆ” ಎಂದರು. ನಾನು ಒಪ್ಪಿಕೊಳ್ಳುವವಳೇ. ಯಂತ್ರ ನಿಲ್ಲಿಸಲು ಕೈ ಚಾಚಿದ್ದೆ ಕೂಡ. ಅಷ್ಟರಲ್ಲಿ ಟೇಪಿನಲ್ಲಿ ಜನರ ಮಾತು ಬಂತು.

ಎಲ್ಲರೂ ಕೂಗುತ್ತಿದ್ದರು.

ಗಾಬರಿಯ ಕೂಗಲ್ಲ. ಗದ್ದಲದ ಕೆಳಗೆ ನಿಂತು ಪಕ್ಕದವನಿಗೆ ಮಾತು ಮುಟ್ಟಿಸಲು ಕೂಗುತ್ತೇವಲ್ಲ, ಆ ಕೂಗು. ನಂಜಮ್ಮ ಕೂಗುತ್ತಾಳೆ: “ಯಾವ್ ತಿಂಗಳೇ ಅವ್ಳಿಗೆ?” ಸಾಕಮ್ಮ ಕೂಗುತ್ತಾಳೆ: “ಏನವ್ವಾ? ಕೇಳಿಸ್ನಿಲ್ಲ ಕಣವ್ವಾ.” ಮತ್ತೆ ನಂಜಮ್ಮ, ಗಂಟಲು ಹರಿಯುವಂತೆ: “ತಿಂಗಳು, ತಿಂಗಳು.” “ಎಂಟು ತುಂಬ್ತು.” ಬೋರೇಗೌಡ ಯಾರಿಗೋ ಏನೋ ಹೇಳಿ, ಅದು ಅವರಿಗೆ ಕೇಳದೆ, ಮತ್ತೆ ಮತ್ತೆ ಹೇಳುತ್ತಾನೆ. ಈ ಕೂಗುಗಳ ನಡುವೆ, ಹಿಂದೆ, ಸುತ್ತ, ಬರೀ ಮೌನ. ದೂರದಲ್ಲಿ ಒಂದು ಎತ್ತಿನ ಕೊರಳ ಗಂಟೆ ಕೂಡ ಸ್ಪಷ್ಟವಾಗಿ ಕೇಳುತ್ತದೆ. ಅಂಥ ನಿಶ್ಶಬ್ದದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿಲ್ಲ. ಟೇಪಿನ ಕೊನೆಗೆ ಬರುತ್ತಾ ಎಲ್ಲರ ದನಿಯೂ ಒಟ್ಟಿಗೆ, ನಿಧಾನವಾಗಿ, ಇಳಿದು ಸಾಮಾನ್ಯವಾಗುತ್ತದೆ.

ಅದಕ್ಕೂ ಸ್ವಲ್ಪ ಮುಂಚೆ ಇನ್ನೊಂದು ದನಿ ಇದೆ. ಮೈಕಿಗೆ ಎಲ್ಲರಿಗಿಂತ ಹತ್ತಿರ, ಎಲ್ಲರಿಗಿಂತ ಜೋರು. “ಕರ್ಕೊಂಡು ಬನ್ನಿ. ಸಾಕಮ್ಮ, ನಾಳೆನೇ ಹೋಗಿ ಮನೆಗೆ ಕರ್ಕೊಂಡು ಬನ್ನಿ.” ಯಾರದು ಎಂದು ತಿಳಿಯಲು ನನಗೆ ಕೊಂಚ ಹೊತ್ತು ಹಿಡಿಯಿತು. ಮುಖ್ಯಸ್ಥರು ನನ್ನ ಮುಖ ನೋಡಿದರು. ಅದು ನನ್ನ ದನಿಯಾಗಿತ್ತು.

ಕಲ್ಪನೆಯ ಸದ್ದಾಗಿದ್ದರೆ ಅದನ್ನು ಮೀರಿ ಕೂಗಬೇಕಾದದ್ದು ಯಾಕೆ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಮೈಕು ಕೆಟ್ಟಿತ್ತೇ ಎಂದು ನೋಡಿದೆ, ಕೆಟ್ಟಿರಲಿಲ್ಲ. ಎತ್ತಿನ ಗಂಟೆ ಹಿಡಿದ ಮೈಕು ತಲೆಯ ಮೇಲಿನ ಗದ್ದಲವನ್ನು ಬಿಡುವುದು ಹೇಗೆ? ಬಾವಲಿ, ಗೊರವಂಕ, ಯಾರದಾದರೂ ಕಿತಾಪತಿ, ಎಲ್ಲವನ್ನೂ ಯೋಚಿಸಿದ್ದೇನೆ. ಒಂದೂ ಕೂರುವುದಿಲ್ಲ.

ಜಯ ತವರಿಗೆ ಬಂದಳು. ಆ ಮನೆಯಲ್ಲೇ ಹೆಣ್ಣು ಮಗು ಹುಟ್ಟಿತು. ನಂಜಮ್ಮನೇ ಹೊಕ್ಕುಳು ಕತ್ತರಿಸಿದಳು. ತಾಯಿ ಮಗು ಇಬ್ಬರೂ ಉಳಿದರು. ಆ ವರ್ಷವಿಡೀ ಮರಕ್ಕೆ ಒಂದು ಹಕ್ಕಿಯೂ ಬರಲಿಲ್ಲ. ಮರುವರ್ಷ ಬಂದವು. ಅದೇ ಯಂತ್ರದಲ್ಲಿ, ಅದೇ ಮೈಕಿನಲ್ಲಿ ಅವುಗಳ ಸದ್ದು ಹಿಡಿದೆ. ಚೆನ್ನಾಗಿಯೇ ಬಂತು.

ಸಾಕಮ್ಮ ಈಗಿಲ್ಲ, ನಂಜಮ್ಮ ಅದಕ್ಕೂ ಮೊದಲೇ ಹೋದಳು. ಕಾಲೇಜು ಆ ಯಂತ್ರವನ್ನು ಗುಜರಿಗೆ ಹಾಕುವಾಗ ಕೇಳಿ ತಂದಿಟ್ಟುಕೊಂಡಿದ್ದೇನೆ. ಟೇಪು ಸವೆದಿದೆ, ತಿರುಗಿದಾಗ ಕಂದು ಪುಡಿ ಉದುರುತ್ತದೆ. ಆದ್ದರಿಂದ ವರ್ಷಕ್ಕೆ ಒಂದೇ ಸಲ, ಶಿವರಾತ್ರಿ ಕಳೆದ ಮೇಲೆ, ಸಂಜೆ ದೀಪ ಹಾಕುವ ಮುಂಚೆ, ಅದನ್ನು ಕೇಳುತ್ತೇನೆ. ಆ ಹೆಂಗಸು ಕೂಗುತ್ತಾಳೆ, ಮನೆಗೆ ಕರೆದುಕೊಂಡು ಬನ್ನಿ ಎಂದು. ಅಷ್ಟು ದೊಡ್ಡ ದನಿ ಅವಳಿಗೆ ಎಲ್ಲಿಂದ ಬಂತು, ಯಾವುದನ್ನು ಮೀರಿ ಕೂಗುತ್ತಿದ್ದಾಳೆ, ನನಗೆ ತಿಳಿಯದು.

ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತುತ್ತೇನೆ. ಸ್ಪೂಲು ತೆಗೆದು ಡಬ್ಬಿಗೆ ಹಾಕುತ್ತೇನೆ. ಬ್ಯಾಟರಿಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತೇನೆ. ಅಲ್ಲಿಗೆ ಕೆಲಸ ಮುಗಿಯಿತು, ಏಳಬೇಕು. ನಾನು ಏಳುವುದಿಲ್ಲ. ಕತ್ತಲಾಗುವವರೆಗೆ ಹಾಗೆಯೇ ಕೂತು ಕಿವಿಗೊಟ್ಟಿರುತ್ತೇನೆ. ಇಲ್ಲಿಯವರೆಗೂ ಮನೆ ಸುಮ್ಮನೇ ಇದೆ.